ಐದು ದಿನದ ರಜೆಗೆ ಯಾವ ರಾಜ್ಯದ ಜಿಂಕೆ?

ಮಿಷಿಗನ್‌ನಲ್ಲಿ ನವೆಂಬರ್ 15 ಬಂತೆಂದರೆ ನಮ್ಮ ಆಫೀಸಿನ ಅರ್ಧ ಕುರ್ಚಿ ಖಾಲಿ. ಅವತ್ತು ಕೋವಿ ಬೇಟೆಯ ಮೊದಲ ದಿನ. ತೀರ್ಥಹಳ್ಳಿ ಕಡೆಯವನಾದ ನನಗೆ ಬೇಟೆ ಅಂದರೆ ಪ್ರಾಣಿ ಎಬ್ಬಿಸಲು ಸೋವಿನವರು ಹಳು ನುಗ್ಗಿದ್ದು, ಅಜ್ಜ ಬಿಲ್ಲಿಗೆ (ಹೊಂಚಿ ಕಾಯುವ ಜಾಗಕ್ಕೆ) ನಿಂತದ್ದು, ಹೀಗೆ ಕೇಳಿದ ಕತೆಗಳು ಅಷ್ಟೇ. ಬೇಟೆ ನಿಲ್ಲಿಸಿದ 1972ರ ವನ್ಯಜೀವಿ ಕಾನೂನು ಬಂದ ಮೇಲೆ ಹುಟ್ಟಿದವನು ನಾನು. ಇಲ್ಲಿ ಸಹೋದ್ಯೋಗಿಯೊಬ್ಬ ಬೇಟೆಯ ಕೋರ್ಸ್ ಮಾಡಿಸಿ, ಲೈಸೆನ್ಸ್ ತೆಗೆಸಿ, ಹುಚ್ಚು ಹಿಡಿಸಿದ. ನಾಲ್ಕು ವರ್ಷ ಡೆಟ್ರಾಯ್ಟ್ ಸುತ್ತಿನ ಸರ್ಕಾರಿ ಕಾಡಿನಲ್ಲಿ ಕೂತೆ. ಜಿಂಕೆಗಿಂತ ಬೇಟೆಗಾರರ ಕಿತ್ತಳೆ ಬಣ್ಣದ ಕೋಟುಗಳೇ ಹೆಚ್ಚು ಕಂಡವು. ಬೇರೆ ರಾಜ್ಯ ನೋಡೋಣ ಅನ್ನಿಸಿತು.

ಎಲ್ಲರ ಹಾಗೆ ನಾನೂ ದೊಡ್ಡ ಕೊಂಬಿನ ಫೋಟೋ ನೋಡಿಯೇ ಮರುಳಾದದ್ದು. ಅಯೋವಾ! ಆದರೆ ಅಲ್ಲಿ ಹೊರರಾಜ್ಯದವರಿಗೆ ಗಂಡು ಹೊಡೆಯಬಹುದಾದ ಟ್ಯಾಗ್ (ಒಂದು ಜಿಂಕೆಗೆ ಒಂದರಂತೆ ಕೊಡುವ ಪರವಾನಗಿ ಚೀಟಿ) ವರ್ಷಕ್ಕೆ 6,000 ಮಾತ್ರ, ಅದೂ ಲಾಟರಿ. ದಕ್ಷಿಣದ ಒಳ್ಳೆಯ ವಲಯಗಳಿಗೆ ಬಿಲ್ಲಿನ ಟ್ಯಾಗ್ ಬೇಕೆಂದರೆ ವರ್ಷಾವರ್ಷ ದುಡ್ಡು ಕಟ್ಟಿ, ಲಾಟರಿಯಲ್ಲಿ ಆದ್ಯತೆ ಕೊಡುವ ಪಾಯಿಂಟ್ ಕೂಡಿಸುತ್ತ ಕಾಯಬೇಕು. ಟ್ಯಾಗ್ ಸಿಕ್ಕ ವರ್ಷ ಖರ್ಚು 600 ಡಾಲರ್ ದಾಟುತ್ತದೆ. ಪಾಯಿಂಟ್ ಕಟ್ಟಲು ಶುರು ಮಾಡಿದೆ, ಈಗಲೂ ಕಟ್ಟುತ್ತಿದ್ದೇನೆ. ಅಲ್ಲಿಯವರೆಗೆ ಸುಮ್ಮನಿರಲು ಆಗಬೇಕಲ್ಲ? ಇನ್ನೊಂದು ರಾಜ್ಯದಲ್ಲಿ ಜಮೀನು ಬಾಡಿಗೆ ಹಿಡಿದು ಬೇಟೆ ಆಡಿಸುವವನೊಬ್ಬನಿಗೆ ಮುಂಗಡ ಕೊಟ್ಟೆ. ಹೋಗಿ ನೋಡಿದರೆ ಒಂದೇ ಜೋಳದ ಹೊಲದ ಅಂಚಿಗೆ ನಾವು ಆರು ಜನ. ಮೂರು ದಿನ ಕೂತೆ, ಪಕ್ಕದವನ ಕೆಮ್ಮು ಕೇಳುತ್ತಿತ್ತು. ಆ ದುಡ್ಡಿನ ಲೆಕ್ಕ ಹೆಂಡತಿಗೆ ಇನ್ನೂ ಪೂರ್ತಿ ಹೇಳಿಲ್ಲ.

ಆಮೇಲೆ ಬುದ್ಧಿ ಬಂದು ಲೆಕ್ಕವನ್ನು ತಿರುವಿ ಹಾಕಿದೆ. ನನಗಿದ್ದದ್ದು ಐದು ದಿನ ರಜೆ, ಹಿಂದೆಮುಂದೆ ಶನಿವಾರ ಭಾನುವಾರ. ಗಂಡು ಜಿಂಕೆ ಹಗಲು ಹೊತ್ತು ಮೈಮರೆತು ಓಡಾಡುವುದು ಬೆದೆಯ ಕಾಲದಲ್ಲಿ, ಅಂದರೆ ನವೆಂಬರ್ ಮೊದಲರ್ಧದಲ್ಲಿ. ಆ ವಾರ ಋತು ತೆರೆದಿರಬೇಕು, ಟ್ಯಾಗ್ ಅಂಗಡಿಯಲ್ಲೇ ಸಿಗಬೇಕು, ಸಾರ್ವಜನಿಕ ಕಾಡು ಇರಬೇಕು, ಮತ್ತೆ ಮತ್ತೆ ಹೋಗಿಬರುವಷ್ಟು ಹತ್ತಿರವೂ ಇರಬೇಕು. ಮಿಸೌರಿಯಲ್ಲಿ ರೈಫಲ್ ಋತುವೇ ನವೆಂಬರ್ ಮಧ್ಯಕ್ಕೆ ಬೀಳುತ್ತದೆ, ಮಾರ್ಕ್ ಟ್ವೇನ್ ಕಾಡು 15 ಲಕ್ಷ ಎಕರೆ. ಆಸೆಯಾಯಿತು, ಆದರೆ ಡ್ರೈವ್‌ನಲ್ಲೇ ಎರಡು ದಿನ ಹೋಗುತ್ತದೆ. ಟೆಕ್ಸಾಸ್ ಬಹುಪಾಲು ಖಾಸಗಿ ಜಮೀನು, ಬಿಟ್ಟೆ.

ಉಳಿದದ್ದು ಒಹಾಯೋ. ಅಲ್ಲಿನ ಅಥೆನ್ಸ್ ಎಂಬ ಊರಿಗೆ ಮನೆಯಿಂದ ಐದು ಗಂಟೆಯೊಳಗೆ. 2021ರಲ್ಲಿ ಲೈಸೆನ್ಸ್, ಟ್ಯಾಗ್ ಎರಡೂ ಸೇರಿ 300 ಡಾಲರ್ ದಾಟಲಿಲ್ಲ. ಅಲ್ಲಿ ಕೋವಿ ವಾರ ಬರುವುದು ಥ್ಯಾಂಕ್ಸ್‌ಗಿವಿಂಗ್ ಕಳೆದ ಸೋಮವಾರ. ಬೆದೆಯ ಹೊತ್ತಿಗೆ ಬಿಲ್ಲಿನವರದೇ ರಾಜ್ಯ, ಕೋವಿಯ ಹಾಗೆ ಕುದುರೆ ಎಳೆದು ಬಾಣ ಬಿಡುವ ಕ್ರಾಸ್‌ಬೋಗೂ ಅನುಮತಿ. ಎಚ್‌-1ಬಿ ವೀಸಾದಲ್ಲಿರುವ ಗೆಳೆಯರು ಗಮನಿಸಿ: ಬೇಟೆಯ ಲೈಸೆನ್ಸ್ ಕೈಯಲ್ಲಿಲ್ಲದೆ ಕೋವಿ ಇಟ್ಟುಕೊಂಡರೆ ಫೆಡರಲ್ ಅಪರಾಧ. ಕ್ರಾಸ್‌ಬೋ ಆ ಕಾನೂನಿಗೆ ಬರುವುದಿಲ್ಲ.

ಅಥೆನ್ಸ್ ಕಡೆಯ ವೇಯ್ನ್ ರಾಷ್ಟ್ರೀಯ ಅರಣ್ಯ ಸುಮಾರು 2.4 ಲಕ್ಷ ಎಕರೆ, ಆದರೆ ಒಂದೇ ತುಂಡಲ್ಲ. ಮಧ್ಯೆ ಮಧ್ಯೆ ರೈತರ ಜಮೀನು. ಗುಡ್ಡ, ಕಣಿವೆ, ಓಕ್ ಮರ. ಮಂಜು ಕವಿದಾಗ ನಮ್ಮ ಕಡೆಯೇ ಅನ್ನಿಸುತ್ತದೆ. ಉಂಬಳ ಇಲ್ಲ, ಉಣ್ಣಿ ಬೇಕಾದಷ್ಟು. ಮಂಗನ ಕಾಯಿಲೆಯ ಸೀಮೆಯವನು ನಾನು, ದಿನಾ ರಾತ್ರಿ ಟಾರ್ಚ್ ಹಿಡಿದು ಮೈಯೆಲ್ಲ ಹುಡುಕುತ್ತಿದ್ದೆ.

ಮೊದಲ ವರ್ಷ ಕಣಿವೆಯ ತಳದಲ್ಲಿ ಅಟ್ಟಣೆ ಕಟ್ಟಿದೆ. ಓಕ್ ಕಾಯಿ ಅಲ್ಲೇ ಉದುರಿತ್ತು, ಗೊರಸಿನಿಂದ ಕೆರೆದ ನೆಲವೂ ಅಲ್ಲೇ. ನಾಲ್ಕು ಬೆಳಿಗ್ಗೆಯೂ ಒಂದೇ ಪಾಡು: ಮೇಲೆಲ್ಲೋ ಸೀನಿದ ಹಾಗೆ ಒಂದು ಬುಸ್, ಬಾವುಟದ ಹಾಗೆ ಎದ್ದ ಬಿಳಿ ಬಾಲ, ಆಮೇಲೆ ಮೌನ. ಐದನೇ ದಿನ ಮಿಲ್ಕ್‌ವೀಡ್ ಕಾಯಿ ಬಿಡಿಸಿದೆ. ನಮ್ಮ ಎಕ್ಕದ ಸಂಬಂಧಿ ಅದು, ಒಳಗೆ ಅದೇ ರೇಷ್ಮೆಯಂಥ ಅರಳೆ. ಒಂದು ಎಳೆ ಗಾಳಿಗೆ ಬಿಟ್ಟು ನೋಡುತ್ತ ಕೂತೆ. ನೆಟ್ಟಗೆ ಹೋಗಲಿಲ್ಲ ಅದು. ನನ್ನ ಸುತ್ತ ಒಂದು ಸುತ್ತು ಹಾಕಿ, ಬಿಸಿಲು ಏರಿದ ಹಾಗೆ ಗುಡ್ಡ ಹತ್ತಿ, ಜಿಂಕೆಗಳು ಮಲಗುವ ದಿಣ್ಣೆಯ ಮೇಲೆಯೇ ಇಳಿಯಿತು. ಬೆಳಿಗ್ಗೆ ಗಾಳಿ ಮೇಲಕ್ಕೆ, ಸಂಜೆ ಕೆಳಕ್ಕೆ. ಮಿಷಿಗನ್‌ನ ಸಮತಟ್ಟು ನೆಲದಲ್ಲಿ ಕಲಿತವನಿಗೆ ಇದು ಎಲ್ಲಿ ಗೊತ್ತಾಗಬೇಕು? ಬರಿಗೈಲಿ ಬಂದೆ.

ಮರುವರ್ಷ ದಿಣ್ಣೆಯ ನೆತ್ತಿಯಿಂದ ಸ್ವಲ್ಪ ಕೆಳಗೆ, ಗಾಳಿಯ ಮರೆಯ ಕಡೆ ಕೂತೆ. ನವೆಂಬರ್ 8ರ ಬೆಳಿಗ್ಗೆ ಹೆಣ್ಣೊಂದರ ಹಿಂದೆ ಮೂಗು ನೆಲಕ್ಕಿಟ್ಟು ಗಂಡು ಬಂತು. ಇಪ್ಪತ್ತೆರಡು ಗಜ. ಬಾಣ ತಾಗಿ ಬೇಲಿ ದಾಟಿ ಓಡಿತು, ಅಲ್ಲಿಂದಾಚೆ ಖಾಸಗಿ. ಒಹಾಯೋದಲ್ಲಿ ಬಾಯಿಮಾತು ಸಾಲದು, ಲಿಖಿತ ಅನುಮತಿ ಬೇಕು. ಮನೆ ಹುಡುಕಿ ಬಾಗಿಲು ತಟ್ಟಿದೆ. ಎಪ್ಪತ್ತು ದಾಟಿದ ರೈತ, ಕಾಗದಕ್ಕೆ ಸಹಿ ಹಾಕಿ, ತಾನೇ ಟ್ರ್ಯಾಕ್ಟರ್ ತಂದು ಎಳೆಸಿಕೊಟ್ಟ. ಜಿಂಕೆ ಹೊಡೆದದ್ದನ್ನು ಮಾರನೆಯ ಮಧ್ಯಾಹ್ನದೊಳಗೆ ಸರ್ಕಾರಕ್ಕೆ ವರದಿ ಮಾಡಬೇಕಿತ್ತು, ಫೋನಿನಲ್ಲೇ ಮುಗಿಸಿದೆ. ತಲೆ, ಬೆನ್ನೆಲುಬು ಮಿಷಿಗನ್‌ಗೆ ತರುವಂತಿಲ್ಲ, ಜಿಂಕೆಗೆ ಬರುವ ಸಿಡಬ್ಲ್ಯುಡಿ ರೋಗದ ಭಯಕ್ಕೆ. ಅಲ್ಲೇ ಮೂಳೆ ಬಿಡಿಸಿ ಎರಡು ಕೂಲರ್ ತುಂಬಿಸಿದೆ. ಎರಡು ತೊಡೆ ಆ ಅಜ್ಜನಿಗೆ.

2025ರ ಬೇಸಿಗೆಯ ಕೊನೆಗೆ ಅವನದೇ ಫೋನು. "ಹಳ್ಳದ ಪಕ್ಕ ಸತ್ತು ಬಿದ್ದಿವೆ, ಈವರೆಗೆ ಏಳು." ಇಎಚ್‌ಡಿ, ಸಣ್ಣ ನೊಣ ಕಚ್ಚಿ ಹರಡುವ ರೋಗ, ಜ್ವರಕ್ಕೆ ನೀರು ಹುಡುಕಿಕೊಂಡು ಬಂದು ಸಾಯುತ್ತವೆ. ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ ಬಿದ್ದರೆ ನೊಣ ಸತ್ತು ರೋಗ ನಿಲ್ಲುತ್ತದೆ. ಆ ವರ್ಷ ಟ್ಯಾಗ್ ತೆಗೆಯಲಿಲ್ಲ. ನವೆಂಬರ್‌ನಲ್ಲಿ ಮಾತ್ರ ಹೋಗಿ ಅದೇ ದಿಣ್ಣೆಯಲ್ಲಿ ಬರಿಗೈಲಿ ಎರಡು ಬೆಳಿಗ್ಗೆ ಕೂತೆ. ಹೆಣ್ಣು ನಾಲ್ಕು, ಮರಿ ಮೂರು, ಈಟಿಯಂಥ ಕೊಂಬಿನ ಒಂದು ಎಳೆ ಗಂಡು.