ತೊಕ್‌ಬೊಕ್ಕಿಗೆ ತೊಕ್ ನೆನೆಸಿ ಹಾಕಿ

ತೊಕ್‌ಬೊಕ್ಕಿ ಅಂದರೆ ಖಾರದ ಸಾಸ್‌ನಲ್ಲಿ ಬೇಯಿಸುವ ಕೊರಿಯನ್ ತಿಂಡಿ, ತೊಕ್ ಅಂದರೆ ಅದಕ್ಕೆ ಹಾಕುವ ಅಕ್ಕಿ ಹಿಟ್ಟಿನ ಕಡುಬಿನ ತುಂಡು. ಫ್ರಿಜ್‌ನಿಂದ ತೆಗೆದ ತೊಕ್ ಅನ್ನು ನೇರವಾಗಿ ಸಾಸ್‌ಗೆ ಹಾಕಬೇಡಿ. ಮೊದಲು 15-20 ನಿಮಿಷ ಬೆಚ್ಚಗಿನ ನೀರಲ್ಲಿ ನೆನೆಸಿ, ಅಂಟಿಕೊಂಡಿದ್ದನ್ನು ಕೈಯಲ್ಲೇ ಬಿಡಿಸಿ. ಫ್ರಿಜ್‌ನಲ್ಲಿಟ್ಟ ಅನ್ನ ಬಿರುಸಾಗುತ್ತದೆ ಅಲ್ವಾ, ತೊಕ್ ಕೂಡ ಹಾಗೇ. ತಣ್ಣಗಾದಾಗ ಅಕ್ಕಿಯ ಪಿಷ್ಟ ಬಿಗಿಯುತ್ತದೆ. ಸುಮ್ನೆ ಕುದಿಯುವ ಸಾಸ್‌ಗೆ ಸುರಿದರೆ ಹೊರಗೆ ಬಿರುಕು, ಒಳಗೆ ಗಟ್ಟಿ. ಅದು ಮೆತ್ತಗಾಗುವಷ್ಟರಲ್ಲಿ ಸಾಸ್‌ನ ಗೋಚುಜಾಂಗ್ (ಕೊರಿಯನ್ ಮೆಣಸಿನ ಪೇಸ್ಟ್) ಮತ್ತು ಸಕ್ಕರೆ ಸೇರಿ ತಳ ಹಿಡಿದಿರುತ್ತದೆ, ಆ ಬಾಣಲೆ ತಿಕ್ಕುವುದೇ ದೊಡ್ಡ ಕೆಲಸ. ಅದೇ ದಿನ ಮಾಡಿದ ಮೆತ್ತನೆಯ ತೊಕ್‌ಗೆ ಇದು ಬೇಡ, ನೆನೆಸಿದರೆ ಮುದ್ದೆಯಾಗುತ್ತದೆ. ಮಾರನೇ ದಿನಕ್ಕೆ ಉಳಿದ ತೊಕ್‌ಬೊಕ್ಕಿಗೂ ಈ ಉಪಾಯ ನಡೆಯುವುದಿಲ್ಲ. ಅದಕ್ಕೆ ಅರ್ಧ ಲೋಟ ನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿಡಿ.