ರವಿವಾರ ಮಷೀನಿಗೆ ಸೀರೆ ಹೊದಿಸುತ್ತೇನೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಸಾಲ ಇನ್ನೂ ತೀರಿಲ್ಲ, ಅತ್ತೆ ಇನ್ನೂ ಹಾಸಿಗೆ ಬಿಟ್ಟು ಎದ್ದಿಲ್ಲ. ಪ್ರಾರ್ಥನೆ ಮಾಡಿದೆ, ಎಲ್ಲಾ ಸರಿಹೋಯ್ತು ಅನ್ನೋ ಸಾಕ್ಷಿ ಬೇಕಾದವರಿಗೆ ಇದು ಆಗಿಬರುವುದಿಲ್ಲ. ಆದರೆ ರಾತ್ರಿ ನಿದ್ದೆ ಬರುತ್ತದೆ. ಎರಡು ವರ್ಷದ ಹಿಂದೆ ಬರುತ್ತಿರಲಿಲ್ಲ.

ಗದಗಿನ ಬೆಟಗೇರಿಯಲ್ಲಿ ಟೇಲರಿಂಗ್ ಮಾಡುತ್ತೇನೆ. ಜಂಪರ್, ಫಾಲು, ಪಿಕೋ, ಹಬ್ಬ ಬಂದರೆ ಮಕ್ಕಳ ಫ್ರಾಕು. ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಸಂಸ್ಥೆಯವರು ಬೆಟಗೇರಿಗೆ ಬಂದದ್ದು 1841ರಲ್ಲಿ. ನಮ್ಮದು ಹಳೇ ಕ್ರೈಸ್ತ ಮನೆತನ ಅಂತ ಅತ್ತೆ ಹೆಮ್ಮೆಯಿಂದ ಆ ಇಸವಿ ಹೇಳುತ್ತಿದ್ದರು. ಅಂದರೆ ನಂಬಿಕೆ ನನಗೆ ಹೊಸದೇನಲ್ಲ. ಹೊರೆ ಹೊತ್ತವರೇ ನನ್ನ ಬಳಿಗೆ ಬನ್ನಿರಿ ಅನ್ನೋ ಯೇಸುವಿನ ಮಾತು ಪಡಸಾಲೆಯ ಕ್ಯಾಲೆಂಡರಿನಲ್ಲೇ ಇತ್ತು. ಅದರ ಕೆಳಗೇ ಕೂತು ರಾತ್ರಿ ಒಂದರವರೆಗೆ ಹೊಲಿಯುತ್ತಿದ್ದೆ.

ಅತ್ತೆಗೆ ಲಕ್ವಾ ಹೊಡೆದಾಗ ಸಂಘದಲ್ಲಿ ಸಾಲ ತೆಗೆದೆವು. ಪ್ರತಿ ಮಂಗಳವಾರ ಕಂತು. ಯಜಮಾನರು ಲಾರಿ ಮೇಲೆ ಹೋದರೆ ನಾಲ್ಕೈದು ದಿನ ಮನೆಗಿಲ್ಲ. ಎರಡು ತಾಸಿಗೊಮ್ಮೆ ಅತ್ತೆಯನ್ನು ಮಗ್ಗಲು ಹೊರಳಿಸಬೇಕು, ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತದೆ. ಮಲಗಿದರೂ ತಲೆಯೊಳಗೆ ಲೆಕ್ಕ ಓಡುತ್ತಿತ್ತು, ಇಷ್ಟು ಜಂಪರಿಗೆ ಇಷ್ಟು, ದವಾಖಾನೆಗೆ ಇಷ್ಟು, ಮಂಗಳವಾರಕ್ಕೆ ಇಷ್ಟು ಕಡಿಮೆ, ಮತ್ತೆ ಮೊದಲಿನಿಂದ. ಯಾರಾದರೂ "ಎಲ್ಲಾ ಕರ್ತನ ಮೇಲೆ ಹಾಕವಾ" ಅಂದರೆ ಸಿಟ್ಟು ಬರುತ್ತಿತ್ತು. ಹಾಕೋದು ಹೆಂಗೆ ಅಂತ ಒಬ್ಬರೂ ಹೇಳುವುದಿಲ್ಲ, ಅಲ್ವಾ?

ಒಂದಿನ ಜಂಪರಿನ ತೋಳು ತಿರುವುಮುರುವು ಹಚ್ಚಿಬಿಟ್ಟೆ. ಬಿಚ್ಚಿ ಮತ್ತೆ ಹಚ್ಚಿದೆ. ಮತ್ತೆ ತಿರುವುಮುರುವು. ಕತ್ತರಿ ಬಿಸಾಡಿ ಅತ್ತುಬಿಟ್ಟೆ. ಆ ವಾರ ಮನೆಗೆ ಬಂದ ನಮ್ಮ ಚರ್ಚಿನ ಅಯ್ಯನವರ ಹೆಂಡತಿ ಉಪದೇಶ ಮಾಡಲಿಲ್ಲ, ಚಹಾ ತಾವೇ ಮಾಡಿಕೊಟ್ಟರು. ಆಮೇಲೆ ಸತ್ಯವೇದ, ಅಂದರೆ ಬೈಬಲ್ ತೆಗೆದು ಎಲೀಯನ ಕಥೆ ಓದಿದರು, ಒಂದನೇ ಅರಸುಗಳು 19. ರಾಣಿ ಈಜೆಬೆಲಳಿಗೆ ಹೆದರಿ ಓಡಿಬಂದ ದೊಡ್ಡ ಪ್ರವಾದಿ ಅಡವಿಯಲ್ಲಿ ಗಿಡದ ಕೆಳಗೆ ಕೂತು ಸಾಕಪ್ಪಾ, ನನ್ನ ಪ್ರಾಣ ತೆಗೆದುಕೋ ಅನ್ನುತ್ತಾನೆ. ದೇವರು ಆಗ ಬೈಯುವುದಿಲ್ಲ. ದೂತ ಬಂದು ಮುಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಅನ್ನುತ್ತಾನೆ. ನೋಡಿದರೆ ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೇ ಸಲ ಎಬ್ಬಿಸಿ ಮತ್ತೆ ಉಣ್ಣಿಸುತ್ತಾನೆ. ಮಾತುಕತೆ ಎಲ್ಲಾ ಆಮೇಲೆ, ಹೋರೇಬ್ ಬೆಟ್ಟಕ್ಕೆ ಹೋದ ಮೇಲೆ. ಚಿಕ್ಕಂದಿನಿಂದ ಕೇಳಿದ ಕಥೆ, ರೊಟ್ಟಿ ಮಾತ್ರ ಅವತ್ತೇ ಕಂಡಿತು ನನಗೆ. "ಈಗ ನೀ ಮಲಗು, ಅತ್ತೇರ ಹತ್ರ ನಾ ಕೂಡ್ತೀನಿ" ಅಂದರು. ಮೂರು ತಾಸು ಸತ್ತಂಗೆ ಮಲಗಿದ್ದೆ.

ಅಲ್ಲಿಂದ ಶುರುವಾಯಿತು. ಚಂದದ ಮಾತಿನ ಪ್ರಾರ್ಥನೆ ಬಿಟ್ಟು ಲೆಕ್ಕದ ವಹಿಯನ್ನೇ ತೆರೆದಿಟ್ಟುಕೊಂಡು ಓದತೊಡಗಿದೆ. "ಕರ್ತನೇ, ಮಂಗಳವಾರಕ್ಕೆ 1,150 ಬೇಕು, 700 ಐತಿ, ಮೂರು ಜಂಪರ್ ಕೊಡೋದೈತಿ, ನಾಳೆ ನೋಡೋಣ." ಅಷ್ಟೇ. ವಹಿ ಮುಚ್ಚುತ್ತೇನೆ. ಮೊದಲ ದಿನಗಳಲ್ಲಿ ಮುಚ್ಚಿದ್ದನ್ನು ಮತ್ತೆ ತೆಗೆದು ನೋಡಿದ್ದೂ ಉಂಟು, ಸುಳ್ಳು ಯಾಕೆ ಹೇಳಲಿ. ಏನೂ ಮಾತು ಬರದ ರಾತ್ರಿ 88ನೇ ಕೀರ್ತನೆ ಓದುತ್ತಿದ್ದೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಸಮಾಧಾನದ ಮಾತಿಲ್ಲ. ಅಂಥದ್ದೂ ಸತ್ಯವೇದದಲ್ಲಿದೆ ಅನ್ನೋದೇ ಒಂದು ಧೈರ್ಯ.

ರವಿವಾರ ಮಷೀನ್ ಮುಟ್ಟುವುದಿಲ್ಲ ಅಂತ ನಿಶ್ಚಯ ಮಾಡಿದ್ದು ಜಾಸ್ತಿ ಕಷ್ಟವಾಯಿತು. ದಸರಾ, ದೀಪಾವಳಿ ಮುಂದೆ ಒಂದು ದಿನ ಬಿಟ್ಟರೆ ಸುಮ್ನೆ ನಷ್ಟ. ಇಬ್ಬರು ಗಿರಾಕಿ ಬೇರೆ ಕಡೆ ಹೋದರು, ಒಬ್ಬರು ವಾಪಸ್ ಬರಲೇ ಇಲ್ಲ. ಕಣ್ಣಿಗೆ ಬಿದ್ದರೆ ಕೈ ತಡೆಯುವುದಿಲ್ಲ ಅಂತ ಅತ್ತೆಯ ಹಳೇ ಇಳಕಲ್ ಸೀರೆಯನ್ನು ಮಷೀನಿನ ಮೇಲೆ ಹೊದಿಸಿಬಿಡುತ್ತೇನೆ.

ಇನ್ನು ನೊಗದ ವಿಷಯ. ಬನ್ನಿರಿ ಅಂದ ಮೇಲೆ ಯೇಸು ನನ್ನ ನೊಗ ಹೊತ್ತುಕೊಳ್ಳಿ ಅನ್ನುತ್ತಾನಲ್ಲ, ಅದು ನನಗೆ ತಿಳಿಯುತ್ತಲೇ ಇರಲಿಲ್ಲ. ದಣಿದು ಬಂದವರ ಹೆಗಲಿಗೆ ಮತ್ತೆ ನೊಗ ಯಾಕೆ? ನನ್ನ ಹೊರೆ ಹೌರ ಅನ್ನುತ್ತಾನೆ, ನಮ್ಮ ಹಳೇ ಸತ್ಯವೇದದಲ್ಲಿ ಹಗುರಕ್ಕೆ ಹಾಗೇ ಇದೆ. ನನ್ನ ತವರಿನವರು ಒಕ್ಕಲುತನದವರು. ಒಂದೇ ಎತ್ತು ಇದ್ದವರು ಇನ್ನೊಬ್ಬರ ಎತ್ತು ಕೇಳಿ, ಎರಡೂ ಕೂಡಿಸಿ ಹೊಲ ಹೊಡೆಯುತ್ತಿದ್ದರು. ಒಂಟಿ ಎತ್ತಿಗೆ ನೊಗ ಹೂಡಿ ನಾನು ಹೊಲ ಹರಗಲು ಹೊರಟಿದ್ದೆ ಅಂತ ಒಂದಿನ ಪಿಕೋ ಮಾಡುತ್ತಾ ಹೊಳೆಯಿತು. ಕೇಳಿರಲೇ ಇಲ್ಲ ನಾನು, ಯಾರನ್ನೂ.

ಹುಬ್ಬಳ್ಳಿಯ ನಾದಿನಿಗೆ ಫೋನ್ ಹಚ್ಚಿದೆ. ಎರಡು ವರ್ಷ ಅವಳ ಮೇಲೆ ಒಳಗೊಳಗೇ ಸಿಟ್ಟಿತ್ತು, ತನ್ನ ಹೆತ್ತವ್ವನ ಕಡೆ ಹೊಳ್ಳಿ ನೋಡುವುದಿಲ್ಲ ಅಂತ. ತಿಂಗಳಿಗೆ ಒಂದು ವಾರ ಬಂದು ಇರ್ತೀಯೇನವಾ ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ವೈನಿ, ನೀವು ಒಮ್ಮೇನೂ ಕರೀಲಿಲ್ಲಲ್ರೀ. ನಿಮಗ ನಾ ಮಾಡಿದ್ದು ಸೇರಂಗಿಲ್ಲ ಅಂದ್ಕೊಂಡಿದ್ದೆ."

ಈಗ ಬರುತ್ತಾಳೆ. ಅವಳು ಅತ್ತೆಗೆ ಗಂಜಿ ಕುಡಿಸುವ ರೀತಿ ನನಗೆ ಇನ್ನೂ ಸೇರುವುದಿಲ್ಲ, ಅವಸರ ಜಾಸ್ತಿ. ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ ಮಲಗುತ್ತೇನೆ.