ಕ್ಯಾಲ್ಕುಲೇಟರ್‌ನಲ್ಲಿ ಹತ್ತರ ಘಾತ: ಕಲಿಸುವ ಸರಿಯಾದ ಕ್ರಮ

ವಾಣಿವಿಲಾಸ ಸಾಗರ ಜಲಾಶಯದ ಸಾಮರ್ಥ್ಯ ಸುಮಾರು 30 ಟಿಎಂಸಿ ಅಡಿ. ಅದು ಎಷ್ಟು ಲೀಟರ್ ಎಂದು ಕೇಳಿದರೆ, ಸೈಂಟಿಫಿಕ್ ಕ್ಯಾಲ್ಕುಲೇಟರ್ ಕೈಯಲ್ಲಿರುವ ಚಿತ್ರದುರ್ಗ, ದಾವಣಗೆರೆಯ ಎಷ್ಟೋ ವಿದ್ಯಾರ್ಥಿಗಳು ಹತ್ತು ಪಟ್ಟು ಹೆಚ್ಚಿನ ಉತ್ತರ ಬರೆಯುತ್ತಾರೆ. ತಪ್ಪು ಗಣಿತದ್ದಲ್ಲ, ಗುಂಡಿ ಒತ್ತುವ ಕ್ರಮದ್ದು.

ಮೊದಲು ಕಾಗದದ ಮೇಲೆ ಬರೆಸಿ. ಒಂದು ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ. ಆದ್ದರಿಂದ 30 ಟಿಎಂಸಿ ಎಂದರೆ 3 × 10¹⁰ ಘನ ಅಡಿ.

ಎರಡನೆಯ ಹಂತಕ್ಕೆ ಒಂದು ಪೂರ್ತಿ ಅವಧಿಯನ್ನೇ ಮೀಸಲಿಡಬೇಕು. ‘ಇಎಕ್ಸ್‌ಪಿ’ ಗುಂಡಿಯೊಳಗೆ ‘ಗುಣಿಸು ಹತ್ತರ ಘಾತ’ ಎಂಬಷ್ಟೂ ಅಡಗಿದೆ. ಹಾಗಾಗಿ 3, ಇಎಕ್ಸ್‌ಪಿ, 10 ಎಂದಷ್ಟೇ ಒತ್ತಬೇಕು. ಪುಸ್ತಕದಲ್ಲಿರುವಂತೆ 3 × 10 ಎಂದು ಒತ್ತಿ ಆಮೇಲೆ ಇಎಕ್ಸ್‌ಪಿ, 10 ಒತ್ತಿದರೆ ಯಂತ್ರ ಅದನ್ನು 3 × 10¹¹ ಎಂದು ಓದುತ್ತದೆ. ಒಂದು ಘನ ಅಡಿ ಎಂದರೆ ಸುಮಾರು 28.3 ಲೀಟರ್, ಆದ್ದರಿಂದ ಸರಿಯಾಗಿ ಒತ್ತಿ 28.3ರಿಂದ ಗುಣಿಸಿದರೆ 8.49 × 10¹¹ ಲೀಟರ್ ಬರುತ್ತದೆ.

ಇಎಕ್ಸ್‌ಪಿ ಬಿಟ್ಟು ಗುಣಾಕಾರ, ಹತ್ತು, ಘಾತದ ಗುಂಡಿಗಳನ್ನು ಬಳಸುವ ಅಡ್ಡದಾರಿಯನ್ನು ಕೆಲವರು ಹೇಳಿಕೊಡುತ್ತಾರೆ, ದಯವಿಟ್ಟು ಕಲಿಸಬೇಡಿ. ಗುಣಾಕಾರದಲ್ಲಿ ಅದು ನಡೆಯುತ್ತದೆ, ಭಾಗಾಕಾರದಲ್ಲಿ ಕೈಕೊಡುತ್ತದೆ. ಮೇಲಿನ ಉತ್ತರವನ್ನು 3 × 10¹⁰ರಿಂದ ಭಾಗಿಸಿದರೆ 28.3 ಬರಬೇಕು, ಆವರಣ ಹಾಕದೆ ಅಡ್ಡದಾರಿಯಲ್ಲಿ ಹೋದರೆ ಯಂತ್ರ 3ರಿಂದ ಭಾಗಿಸಿ ಮತ್ತೆ 10¹⁰ರಿಂದ ಗುಣಿಸುವುದರಿಂದ 2.83 × 10²¹ ಬರುತ್ತದೆ. ಇವೆರಡನ್ನೂ ವಿದ್ಯಾರ್ಥಿಗಳೇ ಒತ್ತಿ ನೋಡಲಿ.

ಋಣ ಘಾತಕ್ಕೆ, ಉದಾಹರಣೆಗೆ ಎಲೆಕ್ಟ್ರಾನಿನ ವಿದ್ಯುದಂಶದ ಪರಿಮಾಣವಾದ 1.6 × 10⁻¹⁹ ಕೂಲಂಬ್‌ಗೆ, ಇಎಕ್ಸ್‌ಪಿ ಆದ ಮೇಲೆ ಆವರಣದೊಳಗಿನ ಋಣ ಚಿಹ್ನೆಯ ಗುಂಡಿ ಒತ್ತಿ 19 ಒತ್ತಬೇಕು.

1ನ್ನು 200ರಿಂದ ಭಾಗಿಸಿದಾಗ 0.005ರ ಬದಲು 5 × 10⁻³ ಕಂಡು ಮಕ್ಕಳು ಗಾಬರಿಯಾಗುವುದುಂಟು. ಯಂತ್ರ ಕೆಟ್ಟಿಲ್ಲ, ಉತ್ತರ ತೋರಿಸುವ ‘ನಾರ್ಮ್ 1’ ಎಂಬ ವ್ಯವಸ್ಥೆಯಲ್ಲಿ 0.01ಕ್ಕಿಂತ ಚಿಕ್ಕ ಸಂಖ್ಯೆಗಳು ಹಾಗೆಯೇ ಕಾಣುತ್ತವೆ. ಕ್ಯಾಸಿಯೊ ಕಂಪನಿಯ ಎಫ್‌ಎಕ್ಸ್-82 ಎಂಎಸ್ ಮಾದರಿಯಲ್ಲಿ ಮೋಡ್ ಗುಂಡಿಯನ್ನು ಮೂರು ಸಲ ಒತ್ತಿ, 3 ಮತ್ತು 2 ಒತ್ತಿದರೆ ‘ನಾರ್ಮ್ 2’ ಬರುತ್ತದೆ, ಆಗ 0.005 ಎಂದೇ ಕಾಣುತ್ತದೆ.

ಇಡೀ ತರಗತಿಗೆ ಒಂದೇ ಮಾದರಿ ಇರಲಿ. ಹೆಸರಾಂತ ಮಾದರಿಯಂತೆಯೇ ಕಾಣುವ ಅಗ್ಗದ ನಕಲುಗಳನ್ನು ಕೊಳ್ಳಬೇಡಿ. ಗುಂಡಿಯ ಮೇಲಿನ ಅಕ್ಷರ ಬೇಗ ಅಳಿಸಿಹೋಗುತ್ತದೆ.

ಹಳೆಯ ಯಂತ್ರಗಳ ಪರದೆಯಲ್ಲಿ 8.49ರ ಪಕ್ಕದಲ್ಲಿ ಪುಟ್ಟದಾಗಿ 11 ಮಾತ್ರ ಕಾಣುತ್ತದೆ. ಅದನ್ನು 8.49¹¹ ಎಂದು ನಕಲು ಮಾಡಿದರೆ ಅಂಕ ಕೊಡಬೇಡಿ. ಉತ್ತರ ಪತ್ರಿಕೆಯಲ್ಲಿ ‘× 10’ ಬರೆಯಲೇಬೇಕು.